ಚರ್ಚ್‌ನ ಮಾತು ಕಾಂಪೌಂಡ್ ದಾಟುತ್ತಾ? ಬಳ್ಳಾರಿಯ ಇನ್ನೂರು ವರ್ಷದ ಕಥೆ

ಕಳೆದ ಕ್ರಿಸ್‌ಮಸ್‌ಗೆ ನಮ್ಮ ಓಣಿಯ ಅಕ್ಕ ಒಬ್ಬರು ಕೇಳಿದರು, "ನಿಮ್ಮ ಚರ್ಚ್‌ನಲ್ಲಿ ಗೋದಲಿ ಮಾಡಿರ್ತಾರಂತಲ್ಲ, ನಾವು ಬಂದು ನೋಡಬಹುದಾ? ಯಾರಾದರೂ ಏನಾದರೂ ಅಂದರೆ?" ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಎಷ್ಟೋ ವರ್ಷದಿಂದ ಅಕ್ಕಪಕ್ಕದಲ್ಲೇ ಇದ್ದೇವೆ. ಹಬ್ಬಕ್ಕೆ ಅವರ ಹೋಳಿಗೆ ನಮ್ಮ ಮನೆಗೆ ಬರುತ್ತೆ, ನಮ್ಮ ಕೇಕು ಅವರ ಮನೆಗೆ ಹೋಗುತ್ತೆ. ಆದರೂ ಬಾಗಿಲು ತೆರೆದೇ ಇರುತ್ತೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ತಪ್ಪು ಅವರದಲ್ಲ, ಹೇಳದೇ ಇದ್ದವರು ನಾವು.

ಬೇರೆ ಊರಲ್ಲಾದರೆ ಇದು ಅಷ್ಟು ಆಶ್ಚರ್ಯ ಅಲ್ಲವೇನೋ. ಆದರೆ ಇದು ಬಳ್ಳಾರಿ. ಚರ್ಚು ಊರಿನ ಜೊತೆ ಹೇಗೆ ಮಾತಾಡಬೇಕು ಅಂತ ಒಂದು ಕಾಲದಲ್ಲಿ ತುಂಬಾ ತಲೆ ಕೆಡಿಸಿಕೊಂಡ ಊರು.

1810ರಲ್ಲಿ ಲಂಡನ್ ಮಿಷನರಿ ಸೊಸೈಟಿ ಅನ್ನುವ ಇಂಗ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದರು. ಆಗ ಬಳ್ಳಾರಿ ಅಂದರೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ, ಸೈನ್ಯದ ದಂಡು ಇದ್ದ ಊರು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಅಂದರೆ ಅಷ್ಟಕ್ಕಷ್ಟೇ. ಅವರಿಗೆ ಕಾನೂನಿನಲ್ಲಿ ದಾರಿ ಸಿಕ್ಕಿದ್ದು 1813ರ ಚಾರ್ಟರ್ ಕಾಯ್ದೆಯಿಂದ. ಹ್ಯಾಂಡ್ಸ್ ಬಂದವರೇ ಕನ್ನಡ ಕಲಿಯೋಕೆ ಕೂತರು. ಕೈಗೆ ಅಚ್ಚಾದ ನಿಘಂಟು ಇಲ್ಲ, ಜನರ ಬಾಯಿಂದಲೇ ಕೇಳಿ ಕೇಳಿ ಕಲೀಬೇಕು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಇಲ್ಲೇ ಕೆಲಸ ಮಾಡಿದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 1832ರಲ್ಲಿ. ಕಿಟೆಲ್ ನಿಘಂಟು 1894ರದ್ದು, ಅಂದರೆ ರೀವ್ ಅವರದು ಅದಕ್ಕಿಂತ ಅರವತ್ತು ವರ್ಷ ಮೊದಲಿನದು. ಕಿಟೆಲ್ ಹೆಸರು ಎಲ್ಲರಿಗೂ ಗೊತ್ತು, ರೀವ್ ಹೆಸರು ಬಳ್ಳಾರಿಯವರಿಗೇ ಅಷ್ಟಾಗಿ ಗೊತ್ತಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಆಮೇಲೆ ಪತ್ರಿಕೆಯ ಕಥೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು, ಅದನ್ನು ತಂದವರು ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು. ಆದರೆ ಮರುವರ್ಷವೇ ಅದರ ಅಚ್ಚಿನ ಕೆಲಸ ಬಳ್ಳಾರಿಗೆ ಬಂತು, ಹೆಸರೂ 'ಕನ್ನಡ ಸಮಾಚಾರ' ಅಂತಾಯಿತು. ಯಾಕೆ ಬಂತು? ಮಂಗಳೂರಲ್ಲಿ ಇದ್ದದ್ದು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರಹ ಮೂಡಿಸಿ ಅಚ್ಚು ಹಾಕೋದು. ಇಲ್ಲಿನ ಮಿಷನ್ ಮುದ್ರಣಾಲಯದಲ್ಲಿ ಕನ್ನಡದ ಅಚ್ಚುಮೊಳೆಗಳಿದ್ದವು, ಅಕ್ಷರ ಜೋಡಿಸಿ ಅಚ್ಚು ಹಾಕಬಹುದಿತ್ತು. ಪತ್ರಿಕೆ ಹೆಚ್ಚು ಕಾಲ ನಡೆಯಲಿಲ್ಲ, ಅದು ಬೇರೆ ಮಾತು. ನಾನು ಇಲ್ಲಿ ಹೇಳಬೇಕಾಗಿರೋದು ಅದರೊಳಗೆ ಏನಿತ್ತು ಅನ್ನೋದನ್ನ. ಪತ್ರಿಕೆ ಶುರು ಮಾಡಿದವರು ಪಾದ್ರಿಗಳೇ, ಆದರೆ ಅದರಲ್ಲಿ ಊರಿನ ವರ್ತಮಾನ ಇತ್ತು, ಸರ್ಕಾರದ ಆಜ್ಞೆಗಳಿದ್ದವು, ಬೇರೆ ರಾಜ್ಯಗಳ ಸುದ್ದಿ, ಕಥೆ, ದಾಸರ ಹಾಡು ಕೂಡ ಇದ್ದವು. ಓದುವವರಿಗೆ ಏನು ಬೇಕು ಅಂತ ಯೋಚನೆ ಮಾಡಿ ಮಾಡಿದ ಕೆಲಸ ಅದು. ಬರೀ ತಮಗೆ ಹೇಳಬೇಕಾದ್ದನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ.

ಇವರೆಲ್ಲ ಪ್ರೊಟೆಸ್ಟೆಂಟರು. ಕ್ಯಾಥೋಲಿಕರ ದಾರಿ ಬೇರೆ. ರಾಯಚೂರು ಜಿಲ್ಲೆಯ ಮುದಗಲ್‌ನಲ್ಲಿ 16ನೇ ಶತಮಾನದಷ್ಟು ಹಳೆಯ ಚರ್ಚ್ ಇದೆ, ಬಿಜಾಪುರದ ಆದಿಲಶಾಹಿಗಳ ಕಾಲದ್ದು. ಮೊಹರಂಗೆ ಹೆಸರಾದ ಅದೇ ಮುದಗಲ್. ಬಳ್ಳಾರಿ, ರಾಯಚೂರು, ಕೊಪ್ಪಳದ ಚರ್ಚ್‌ಗಳೆಲ್ಲ ಈಗ ಸೇರಿರುವ ಬಳ್ಳಾರಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಆಗಿದ್ದು 1949ರಲ್ಲಿ. ಆಗಲೂ ಪೂಜೆ ನಡೀತಿದ್ದದ್ದು ಲ್ಯಾಟಿನ್‌ನಲ್ಲಿ. ಪ್ರಸಂಗ, ಅಂದರೆ ಪಾದ್ರಿಗಳ ಉಪದೇಶ ಮಾತ್ರ ಜನರ ಭಾಷೆಯಲ್ಲಿ. 1963ರ ಡಿಸೆಂಬರ್ 4ರಂದು ಲೋಕದ ಕ್ಯಾಥೋಲಿಕ್ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಭಾಷೆಗೆ ಅವಕಾಶ ಕೊಟ್ಟಿತು. ಅದೇ ದಿನ ಪತ್ರಿಕೆ, ರೇಡಿಯೋ, ಸಿನಿಮಾಗಳ ಬಗ್ಗೆಯೂ ಒಂದು ಆದೇಶ ಹೊರಡಿಸಿತು. ಭಾಷೆ ಮತ್ತು ಮಾಧ್ಯಮ, ಎರಡೂ ಒಂದೇ ದಿನ! ಆಮೇಲೆ ಕನ್ನಡದಲ್ಲೇ ಪೂಜೆ, ಕನ್ನಡದಲ್ಲೇ ಹಾಡು. ಪಕ್ಕದ ಮನೆಯವರು ಬಂದು ಕೂತರೂ ಅರ್ಥವಾಗುವ ಹಾಗಾಯಿತು.

ಇದರ ನಡುವೆಯೇ ರೇಡಿಯೋ ಬಂತು, ಮೈಕು ಬಂತು, ಬಿಳಿ ಬಟ್ಟೆ ಕಟ್ಟಿ ತೋರಿಸುವ ಸಿನಿಮಾ ಬಂತು. 1978ರ ತೆಲುಗು ಸಿನಿಮಾ 'ಕರುಣಾಮಯುಡು' ತೆಲುಗು ಬಲ್ಲ ನಮ್ಮ ಕಡೆಯವರಿಗೆ ಹೊಸದಲ್ಲ. ಯೇಸುಸ್ವಾಮಿ ಅಂದ ಕೂಡಲೇ ಆ ಸಿನಿಮಾದ ಮುಖವೇ ಕಣ್ಣ ಮುಂದೆ ಬರುವ ಹಿರಿಯರು ಈಗಲೂ ಇದ್ದಾರೆ.

2020ರಲ್ಲಿ ಎಲ್ಲಾ ಬದಲಾಯಿತು. ಮಾರ್ಚ್ 25ಕ್ಕೆ ಲಾಕ್‌ಡೌನ್. ಏಪ್ರಿಲ್ 12ರ ಈಸ್ಟರ್ ದಿನ ಚರ್ಚ್ ಬಾಗಿಲು ಹಾಕಿತ್ತು. ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ನೆಲದ ಮೇಲೆ ಕೂತು ಆರಾಧನೆ ನೋಡಿದೆವು, ಅಜ್ಜಿ ಮೊಬೈಲ್‌ಗೇ ಕೈ ಮುಗಿದರು. ಆ ಕಷ್ಟದಲ್ಲಿ ಅದು ದೊಡ್ಡ ಆಸರೆ. ಆದರೆ ಅಲ್ಲಿಂದ ಶುರುವಾದ ವಾಟ್ಸಾಪ್ ಗ್ರೂಪುಗಳಲ್ಲಿ ಇರೋದು ನಾವು ನಾವೇ. ದಿನಾ ಬೆಳಿಗ್ಗೆ ಬೈಬಲ್‌ನ ಒಂದು ವಚನ, ಹೂವಿನ ಚಿತ್ರ, ಕೆಳಗೆ ನಲವತ್ತು ಆಮೆನ್. ಮಾತು ಜಾಸ್ತಿ ಆಗಿದೆ, ಕಾಂಪೌಂಡ್ ಮಾತ್ರ ದಾಟುತ್ತಿಲ್ಲ.

ಭಯವೂ ಇದೆ, ಅದನ್ನು ಮುಚ್ಚಿಡಬಾರದು. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದ ಮೇಲೆ, ಹೊರಗಿನವರ ಜೊತೆ ಚರ್ಚ್ ವಿಷಯ ಎತ್ತೋದೇ ಬೇಡ ಅನ್ನುವವರನ್ನು ನಾನೇ ನೋಡಿದ್ದೇನೆ. ಆದರೆ ಬಲವಂತ, ಮೋಸ, ಆಮಿಷ ಒಂದು ಕಡೆ, ಭಾನುವಾರ ಎಷ್ಟು ಗಂಟೆಗೆ ಆರಾಧನೆ ಅಂತ ಹೇಳೋದು ಇನ್ನೊಂದು ಕಡೆ. ಎರಡೂ ಒಂದೇ ಅಲ್ಲ. ನಾವು ಮುಚ್ಚಿಕೊಂಡಷ್ಟೂ ಒಳಗೆ ಏನು ನಡೆಯುತ್ತೆ ಅಂತ ಊರವರಿಗೆ ಅನುಮಾನ ಬರೋದು ಸಹಜ ಅಲ್ವಾ?

ಹಾಗಾದರೆ ಏನು ಮಾಡಬೇಕು? ಹಣ ಬೇಕಿಲ್ಲ. ಮೊದಲು ಗೇಟಿನ ಬೋರ್ಡ್ ನೋಡಿ. ಎಷ್ಟೋ ಚರ್ಚ್‌ಗಳ ಮುಂದೆ ಹೆಸರು ಇಂಗ್ಲಿಷ್‌ನಲ್ಲಿ ದಪ್ಪಗೆ ಇರುತ್ತೆ, ಕನ್ನಡ ಸಣ್ಣದಾಗಿರುತ್ತೆ, ಸಮಯ ಇರೋದೇ ಇಲ್ಲ. ಸಿಂಧನೂರು, ಗಂಗಾವತಿ ಕಡೆ ತೆಲುಗಿನವರು ನೆಲೆಸಿರುವ ಕ್ಯಾಂಪ್‌ಗಳಲ್ಲಿ ತೆಲುಗು ಆರಾಧನೆ ನಡೆಯಲಿ, ಅದು ಅಲ್ಲಿನವರ ಮನೆಮಾತು, ಆದರೆ ಬೋರ್ಡ್ ಮೇಲೆ ಕನ್ನಡವೂ ಇರಲಿ. ಆಮೇಲೆ ನಮ್ಮ ಮಾತು. ಮದುವೆಗೆ ಬಂದ ಗೆಳೆಯರ ಮುಂದೆ ಕರ್ತನು, ದೀಕ್ಷಾಸ್ನಾನ, ಅಭಿಷೇಕ ಅಂತ ಹೇಳುತ್ತಾ ಹೋದರೆ ಅವರಿಗೆ ಏನು ತಿಳಿಯಬೇಕು? ಈಗ ಉಂಗುರ ಯಾಕೆ ಬದಲಾಯಿಸುತ್ತಾರೆ, ಈಗ ಯಾಕೆ ಎದ್ದು ನಿಲ್ಲಬೇಕು ಅಂತ ಪಾಸ್ಟರ್ ಎರಡು ಮಾತು ಹೇಳಿದರೆ ಸಾಕು, ಅವರ ಮುಖವೇ ಅರಳುತ್ತೆ.

ಇನ್ನೊಂದು, ಹಬ್ಬಕ್ಕೆ ಕ್ಯಾರಲ್ಸ್ ಹಾಡೋಕೆ ಹೋಗುವಾಗ ನಮ್ಮವರ ಮನೆಗಳನ್ನಷ್ಟೇ ಹುಡುಕಿಕೊಂಡು ಓಣಿ ದಾಟಬೇಡಿ. ಪಕ್ಕದ ಮನೆಯವರನ್ನು ಹಿಂದಿನ ದಿನವೇ ಕೇಳಿ, "ನಿಮ್ಮ ಮನೆ ಮುಂದೆ ಒಂದು ಹಾಡು ಹಾಡಲಾ?" ಬೇಡ ಅಂದರೆ ನಗುತ್ತಾ ಮುಂದೆ ಹೋಗಿ. ಮೈಕಿನ ಸದ್ದು ಯಾರಿಗಾದರೂ ತೊಂದರೆ ಆಗುತ್ತಿದೆಯಾ ಅಂತಲೂ ಆಗಲೇ ಕೇಳಿಬಿಡಿ.

ಆ ಅಕ್ಕ ಕೊನೆಗೂ ಗೋದಲಿ ನೋಡೋಕೆ ಬಂದರು. ಮೊಮ್ಮಗಳನ್ನೂ ಕರೆದುಕೊಂಡು ಬಂದಿದ್ದರು. ಹುಡುಗಿ ಹುಲ್ಲಿನ ಮೇಲಿಟ್ಟ ಕೂಸನ್ನು ನೋಡಿ, "ಇದಕ್ಕೆ ಚಳಿ ಆಗಲ್ವಾ?" ಅಂದಳು. ಉತ್ತರ ಹೇಳುತ್ತಾ ಅರ್ಧ ಗಂಟೆ ಅಲ್ಲೇ ಕೂತೆ.