ಪದ ಪರಿಚಯ: ಚಿಕಿತ್ಸಾ ಆದೇಶ

ಕಲಬುರಗಿಯ ಆಸ್ಪತ್ರೆಯೊಂದರ ಗೋಡೆಯ ಮೇಲೆ ಕಳೆದ ವಾರ ಒಂದು ಕರಪತ್ರ ನೋಡಿದೆ. ‘ನಿಮ್ಮ ಮರಣಾದೇಶವನ್ನು ಮೊದಲೇ ಬರೆದಿಡಿ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಇದೇ ಪದವನ್ನು ಒಂದು ಭಾಷಣದಲ್ಲಿ ಕೇಳಿದ್ದೆ, ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಿ ಓದಿದ್ದೆ. ಮೂರನೆಯ ಸಲ ಸುಮ್ಮನಿರಲಾಗಲಿಲ್ಲ. ಗಂಡನನ್ನು ಒಳಗೆ ಮಲಗಿಸಿ, ಅದೇ ಗೋಡೆಗೆ ಒರಗಿ ಬುತ್ತಿ ಬಿಚ್ಚುತ್ತಿದ್ದ ತಾಯಿಯೊಬ್ಬರು ‘ಅದೇನು ಬರೆದಿದ್ದಾರೆ?’ ಎಂದು ಮಗನನ್ನು ಕೇಳಿದರು. ಮಗ ಓದಿ ಹೇಳಲಿಲ್ಲ.

‘ಮರಣಾದೇಶ’ ಎಂಬ ಒಂದೇ ಪದದಲ್ಲಿ ಕಲಸಿಹೋಗಿರುವುದು ಎರಡು ಬೇರೆ ಬೇರೆ ಕಾಗದ. ಒಂದು, ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ರೋಗಿ ಮೊದಲೇ ಬರೆಯುವುದು: ಮುಂಗಡ ವೈದ್ಯಕೀಯ ನಿರ್ದೇಶನ, ಜನರ ಬಾಯಲ್ಲಿ ಲಿವಿಂಗ್ ವಿಲ್. ಇನ್ನೊಂದು ವೈದ್ಯರು ಸಹಿ ಹಾಕಿ ಕೇಸ್ ಶೀಟ್‌ನಲ್ಲಿ ಬರೆಯುವುದು: ಆದೇಶ. ಮೊದಲನೆಯದು ಇಚ್ಛೆ, ಎರಡನೆಯದನ್ನು ನೋಡಿ ನರ್ಸ್ ಕೆಲಸ ಮಾಡುತ್ತಾರೆ.

‘ವಿಲ್’ ಎಂಬುದೇ ಅರ್ಧ ಗೊಂದಲಕ್ಕೆ ಕಾರಣ. ಇಂಗ್ಲಿಷಿನ ವಿಲ್ ಕನ್ನಡದಲ್ಲಿ ಉಯಿಲಾಯಿತು. ಆಗುವಾಗ ಇಚ್ಛೆ ಎಂಬ ಅರ್ಥ ಕಳಚಿ ಬಿದ್ದು ಹೊಲ, ಮನೆ, ಬಂಗಾರ ಉಳಿದವು. ನಮ್ಮ ಭಾಗದ ಹಿರಿಯರು ವಸೀಯತ್ ಎನ್ನುತ್ತಾರೆ. ಅರಬ್ಬಿ ಮೂಲದ ಆ ಪದಕ್ಕೆ ಆಸ್ತಿ ಬರೆದಿಡುವುದು ಎಂಬುದರ ಜೊತೆಗೆ ಹಿಂದುಳಿದವರಿಗೆ ಹೇಳಿಹೋಗುವ ಕಟ್ಟಪ್ಪಣೆ ಎಂಬ ಅರ್ಥವೂ ಇದೆ. ಉಯಿಲಿಗಿಂತ ಇದು ನಮ್ಮ ವಿಷಯಕ್ಕೆ ಹತ್ತಿರ. ಆದರೂ ವಸೀಯತ್ ಜಾರಿಗೆ ಬರುವುದು ಸತ್ತ ಮೇಲೆ. ಈ ಕಾಗದ ಕೆಲಸಕ್ಕೆ ಬರುವುದು ಮನುಷ್ಯ ಬದುಕಿದ್ದು ಮಾತಾಡಲಾಗದೆ ಇರುವಾಗ.

ಇನ್ನು ಆದೇಶ. ನಿರ್ದೇಶನ, ಸಂದೇಶ, ಉಪದೇಶಗಳ ಹಾಗೆ ಇದೂ ‘ದಿಶ್’ ಧಾತುವಿನಿಂದ ಬಂದದ್ದು. ತೋರಿಸು ಎಂದು ಅರ್ಥ. ಸರ್ಕಾರಿ ಕಡತಗಳಲ್ಲಿ ಓಡಾಡಿ ಆ ಪದ ಗಡುಸಾಗಿದೆ. ಆದರೆ ಶಾಲೆಯಲ್ಲಿ ಆದೇಶ ಸಂಧಿ ಓದಿದ್ದೇವಲ್ಲ? ಮಳೆ, ಕಾಲ ಸೇರಿದರೆ ಮಳೆಗಾಲ; ಕಣ್, ಪನಿ ಸೇರಿದರೆ ಕಂಬನಿ. ಒಂದು ಅಕ್ಷರದ ಜಾಗಕ್ಕೆ ಇನ್ನೊಂದು ಬಂದು ನಿಲ್ಲುವುದೇ ಅಲ್ಲಿ ಆದೇಶ. ಯಾರ ಜಾಗಕ್ಕೆ ಬಂದಿದೆಯೋ ಆ ಸ್ಥಾನಿಯಂತೆಯೇ ಆದೇಶ ನಡೆದುಕೊಳ್ಳಬೇಕು ಎಂದು ಸಂಸ್ಕೃತ ವೈಯಾಕರಣರು ನಿಯಮವನ್ನೇ ಮಾಡಿದ್ದಾರೆ. ವೈದ್ಯರ ಆದೇಶಕ್ಕೂ ನಾನು ಈ ಅರ್ಥವನ್ನೇ ಹಚ್ಚುತ್ತೇನೆ. ಅದು ರೋಗಿಯ ನಿಂತುಹೋದ ಮಾತಿನ ಜಾಗಕ್ಕೆ ಬಂದದ್ದು. ರೋಗಿ ಹೇಳುತ್ತಿದ್ದುದನ್ನೇ ಅದು ಹೇಳಬೇಕು.

ಸೇಡಂ ಕಡೆಯ ನನ್ನ ಭಾವ ಎಲ್ಲವನ್ನೂ ಬರೆದಿಟ್ಟಿದ್ದರು: ವೆಂಟಿಲೇಟರ್ ಬೇಡ, ನೋವಿಗೆ ಔಷಧ ಬೇಕು. ಕಾಗದ ಟ್ರಂಕಿನಲ್ಲಿ, ಕೌದಿಗಳ ಕೆಳಗೆ ಇತ್ತು. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರ್ ‘ಏನಾದರೂ ಬರೆದಿದ್ದಾರಾ?’ ಎಂದರು. ‘ಊರಲ್ಲಿದೆ’ ಎಂದ ನನ್ನ ಅಳಿಯ. ಗಂಟಲಿಗೆ ಕೊಳವೆ ಇಳಿಯಿತು. ವೈದ್ಯರದು ತಪ್ಪಿರಲಿಲ್ಲ, ಅವರ ಕೈಯಲ್ಲಿದ್ದ ಕೇಸ್ ಶೀಟ್‌ನಲ್ಲಿ ಒಂದು ಸಾಲೂ ಇರಲಿಲ್ಲ.

ಕಾನೂನು ಈಗ ಮೊದಲಿನಷ್ಟು ಬಿಗಿಯಾಗಿಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮುಂಗಡ ನಿರ್ದೇಶನವನ್ನು ಮಾನ್ಯ ಮಾಡಿದಾಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ತನ್ನ ಪರವಾಗಿ ನಿರ್ಧರಿಸುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಗುಣವಾಗುವ ಭರವಸೆ ಉಳಿಯದಿದ್ದಾಗ ಪ್ರಾಥಮಿಕ ಮತ್ತು ದ್ವಿತೀಯ ವೈದ್ಯಕೀಯ ಮಂಡಳಿಗಳು ಪರಿಶೀಲಿಸುತ್ತವೆ. ಕರ್ನಾಟಕದ ಆರೋಗ್ಯ ಇಲಾಖೆ ಇದರ ಜಾರಿಗೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಮರುದಿನದಿಂದಲೇ ಎಲ್ಲರೂ ‘ದಯಾಮರಣ’ ಎನ್ನತೊಡಗಿದರು. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದಕ್ಕೂ, ಫಲವಿಲ್ಲದ ಯಂತ್ರವನ್ನು ಬಿಡಿಸಿ ರೋಗ ತನ್ನ ದಾರಿ ಹಿಡಿಯಲು ಬಿಡುವುದಕ್ಕೂ ಒಂದೇ ಪದ ಬಳಸುವುದು ಸರಿಯಲ್ಲ.

ಅಮೆರಿಕದ ಆರೆಗನ್‌ನಲ್ಲಿ 1991ರಲ್ಲಿ ಶುರುವಾದ ‘ಪೋಲ್ಸ್ಟ್’ ಎಂಬ ಪದ್ಧತಿ ಇಚ್ಛೆಯನ್ನು ನೇರವಾಗಿ ಆದೇಶವಾಗಿಸುತ್ತದೆ. ಅದು ಗಟ್ಟಿಮುಟ್ಟಾದವರಿಗಲ್ಲ, ತೀವ್ರ ಕಾಯಿಲೆಯವರಿಗೆ ಮತ್ತು ತೀರಾ ಕೃಶರಾದವರಿಗೆ. ರೋಗಿಯೊಡನೆ ಮಾತಾಡಿ ವೈದ್ಯಕೀಯ ಸಿಬ್ಬಂದಿ ಸಹಿ ಮಾಡಿದ ಆ ಹಾಳೆ ಮನೆ, ಆಂಬುಲೆನ್ಸ್, ಆಸ್ಪತ್ರೆ ಎಲ್ಲೆಡೆ ರೋಗಿಯ ಜೊತೆಗೇ ಹೋಗುತ್ತದೆ. ಬೀದರಿನಲ್ಲಿ ದಾಖಲಾಗಿ ರಾತ್ರೋರಾತ್ರಿ ಹೈದರಾಬಾದಿಗೆ ಹೊರಡುವ ನಮ್ಮವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಹೊಸ ಆಸ್ಪತ್ರೆಯಲ್ಲಿ ಹೊಸ ಕೇಸ್ ಶೀಟ್, ಮತ್ತೆ ಮೊದಲಿನಿಂದ ಮಾತು.

‘ಡಿಎನ್‌ಆರ್ ಬರೆದರು, ಅಂದರೆ ಕೈಬಿಟ್ಟರು’ ಎಂಬ ಮಾತೂ ತಪ್ಪು. ‘ಡು ನಾಟ್ ರಿಸಸಿಟೇಟ್’ ಎಂಬುದರ ಕಿರುರೂಪ ಅದು; ಹೃದಯ ನಿಂತರೆ ಎದೆ ಒತ್ತಿ ಮರಳಿಸುವ ಯತ್ನ ಬೇಡ ಎಂಬಷ್ಟೇ ಅದರ ಅರ್ಥ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಮಾರ್ಗಸೂಚಿಯೂ ಅದನ್ನು ಅಷ್ಟಕ್ಕೇ ಸೀಮಿತಗೊಳಿಸುತ್ತದೆ. ಆಮ್ಲಜನಕ, ಆ್ಯಂಟಿಬಯೋಟಿಕ್, ನೋವಿನ ಔಷಧ, ಬಾಯಿ ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲವೂ ನಡೆಯುತ್ತಲೇ ಇರಬೇಕು.

ಆ ಕರಪತ್ರವನ್ನು ಮತ್ತೆ ಅಚ್ಚು ಹಾಕಿಸುವುದಾದರೆ ಹೀಗೆ ಹಾಕಿಸಲಿ: ‘ನಿಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬರೆದು ಮನೆಯವರಿಗೂ ವೈದ್ಯರಿಗೂ ಒಂದೊಂದು ಪ್ರತಿ ಕೊಡಿ.’ ಇಷ್ಟನ್ನು ಆ ಮಗ ತಾಯಿಗೆ ಓದಿ ಹೇಳಬಹುದಿತ್ತು.