ಸಣ್ಣ ದೋಣಿಗೆ ಯಾವ ಲಂಗರು? ಮೊದಲು ತಳ ನೋಡಿ, ಆಮೇಲೆ ತೂಕ

ಹಾವನೂರು, ಗಳಗನಾಥದ ಕಡೆ ತುಂಗಭದ್ರೆಯಲ್ಲಾಗಲಿ, ಧಾರವಾಡ ಸೀಮೆಯ ಕೆರೆಗಳಲ್ಲಾಗಲಿ, ಹವ್ಯಾಸಕ್ಕೆ ಗಾಳ ಹಾಕುವವರ ದೋಣಿಯಲ್ಲಿ ಲಂಗರು ಅಂತ ಇರುವುದು ಸಾಮಾನ್ಯವಾಗಿ ಹಗ್ಗ ಸುತ್ತಿದ ಒಂದು ಕಲ್ಲು, ಇಲ್ಲವೇ ಸಿಮೆಂಟ್ ಚೀಲದಲ್ಲಿ ಕಟ್ಟಿದ ಮರಳು. "ಕಲ್ಲ ಕಟ್ಟಿ ಬಿಡ್ರಿ, ದೋಣಿ ಎಲ್ಲಿ ಹೋಗ್ತೈತಿ" ಅನ್ನುವ ಮಾತು ಗಾಳಿಯಿಲ್ಲದ ಮುಂಜಾನೆ ಖರೆ. ಹೊತ್ತು ಏರಿ ಗಾಳಿ ಎದ್ದರೆ ಅದೇ ದೋಣಿ ಕಲ್ಲನ್ನೂ ಎಳೆದುಕೊಂಡು ದಂಡೆಯ ಜಾಲಿ ಕಂಟಿಗೆ ಹೋಗಿ ಸೇರುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಒಂದೇ: ಇನ್ನೂ ದೊಡ್ಡ ಕಲ್ಲು ಹುಡುಕುವುದು. ಅದರಿಂದ ಸೊಂಟ ನೋಯುತ್ತದೆ, ದೋಣಿ ನಿಲ್ಲುವುದಿಲ್ಲ.

ಕಾರಣ ಲೆಕ್ಕದಲ್ಲಿದೆ. 10 ಕೆಜಿ ಕರಿಗಲ್ಲು ನೀರಿನೊಳಗೆ ತೂಗುವುದು ಸುಮಾರು 6.3 ಕೆಜಿ. ಕಾಂಕ್ರೀಟ್ ಗಟ್ಟಿಯಾದರೆ 5.8. ಕಬ್ಬಿಣವಾದರೆ 8.7. ಇದು ನೆಟ್ಟಗೆ ಕೆಳಕ್ಕೆ ಬೀಳುವ ಭಾರ. ಅಡ್ಡಕ್ಕೆ ಜಗ್ಗಿದಾಗ ಕಲ್ಲು ಜಾರಲು ಅದರ ಅರ್ಧದಷ್ಟು ಬಲ ಸಾಕು, ಅಂದರೆ ಮೂರು ಕೆಜಿಯ ಆಸುಪಾಸು. ಈಗ ಗಾಳಿಯ ಲೆಕ್ಕ ನೋಡಿ. ಎದುರು ಗಾಳಿಗೆ ದೋಣಿಯ ಮೂತಿ ಮತ್ತು ಕೂತ ಇಬ್ಬರ ಮೈ ಸೇರಿ ಒಂದು ಚದರ ಮೀಟರ್ ಒಡ್ಡಿಕೊಂಡರೆ, ಗಂಟೆಗೆ 30 ಕಿಮೀ ಗಾಳಿ ಹತ್ತಿರಹತ್ತಿರ 4 ಕೆಜಿ ಬಲದಿಂದ ನೂಕುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗದಗ, ಧಾರವಾಡದ ಬಯಲಿನಲ್ಲಿ ಇಂಥ ಪಡುವಣ ಗಾಳಿ ದಿನದ ಮಾತು.

ಹೊಳೆಯ ಸೆಳವು ಇದಕ್ಕಿಂತ ಬಲು ಜೋರು. ಮೂರೂವರೆ ಮೀಟರ್ ಉದ್ದದ ಚಪ್ಪಟೆ ತಳದ ದೋಣಿ ಮೂತಿಯನ್ನು ಸೆಳವಿಗೆ ಕೊಟ್ಟು ನಿಂತಿದ್ದರೆ, ಸೆಕೆಂಡಿಗೆ ಒಂದು ಮೀಟರ್ ಹರಿವಿನಲ್ಲಿ ಹಗ್ಗದ ಮೇಲೆ ಬೀಳುವುದು ಅಂದಾಜು 8 ಕೆಜಿ. ಅದೇ ದೋಣಿ ಅಡ್ಡ ತಿರುಗಿದರೆ 25 ಕೆಜಿ. ಹರಿವಿನ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು: 8 ಇದ್ದದ್ದು 32, 25 ಇದ್ದದ್ದು 100. ಇಷ್ಟು ಬಲವನ್ನು ಭಾರದಿಂದ ತಡೆಯಬೇಕೆಂದರೆ ದೋಣಿಯ ತುಂಬ ಕಲ್ಲನ್ನೇ ಹೇರಬೇಕು. ನೆಲಕ್ಕೆ ಕಚ್ಚಿಕೊಳ್ಳುವ ಲಂಗರಾದರೆ ಎರಡು ಮೂರು ಕೆಜಿಯದು ಸರಿಯಾದ ತಳದಲ್ಲಿ ತನ್ನ ತೂಕದ ಹತ್ತಾರು ಪಟ್ಟು ಹಿಡಿಯುತ್ತದೆ. ಹಾಗಾಗಿ ಅಂಗಡಿಯಲ್ಲಿ "ಎಷ್ಟು ಕೆಜಿದು ಕೊಡಲಿ" ಅಂದರೆ, ಮೊದಲು ಹೇಳಬೇಕಾದದ್ದು ನೀವು ದೋಣಿ ನಿಲ್ಲಿಸುವ ತಳ ಎಂಥದ್ದು ಎಂಬುದನ್ನು.

ತಳ ತಿಳಿಯಲು ಯಂತ್ರ ಬೇಕಿಲ್ಲ. ಇನ್ನೂರು ಗ್ರಾಂನ ಸೀಸದ ಗುಂಡನ್ನು ದಾರಕ್ಕೆ ಕಟ್ಟಿ, ಅದರ ಅಡಿಗೆ ಬಟ್ಟೆ ಸಾಬೂನು ಅಥವಾ ಗ್ರೀಸ್ ಮೆತ್ತಿ ಕೆಳಗೆ ಬಿಡಿ. ಎತ್ತಿದಾಗ ಮರಳಿದ್ದರೆ ಕಾಳು ಅಂಟಿರುತ್ತದೆ, ಹೂಳಿದ್ದರೆ ಕಪ್ಪಗೆ ಬಳಿದುಕೊಂಡು ಬರುತ್ತದೆ, ಬಂಡೆಯಿದ್ದರೆ ಸಾಬೂನಿನಲ್ಲಿ ಬರೇ ಗೀರು. ಆಳ ಕಡಿಮೆಯಿದ್ದ ಕಡೆ ದೋಣಿ ನೂಕುವ ಗಳವೇ ಸಾಕು. ಬಂಡೆಗೆ ಟಣ್ಣೆನ್ನುತ್ತದೆ, ಮರಳಿಗೆ ಕರಕರ ಎನ್ನುತ್ತದೆ, ಎರೆಮಣ್ಣಿನ ಹೂಳಿಗೆ ಸದ್ದೇ ಇಲ್ಲ, ಗಳ ವಾಪಸು ಬರಲು ಹಟ ಮಾಡುತ್ತದೆ. ಗುಂಡಿನ ದಾರಕ್ಕೆ ಮೀಟರಿಗೊಂದು ಗಂಟು ಹಾಕಿಟ್ಟರೆ ಆಳವೂ ಗೊತ್ತಾಗುತ್ತದೆ. ಮುಂದೆ ಅದು ಬೇಕಾಗುತ್ತದೆ.

ಧಾರವಾಡ, ಗದಗ, ಹಾವೇರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಸಿಗುವ ತಳ ಮುಖ್ಯವಾಗಿ ಮೂರು ಬಗೆಯದು. ತುಂಗಭದ್ರೆಯಲ್ಲಿ ಮರಳು, ನಡುನಡುವೆ ಬಂಡೆ, ಮರಳು ತೆಗೆದ ಕಡೆ ತಟ್ಟನೆ ಇಳಿಯುವ ಹೊಂಡ. ಎರೆ ಸೀಮೆಯ ಕೆರೆಗಳಲ್ಲಿ ಮೆತ್ತನೆ ಹೂಳು. ಬರಗಾಲದಲ್ಲಿ ಒಣಗಿ ಮತ್ತೆ ತುಂಬಿದ ಕೆರೆಗಳಲ್ಲಿ ಹೂಳಿನ ಜೊತೆಗೆ ಬಳ್ಳಾರಿ ಜಾಲಿಯ ಬೊಡ್ಡೆಗಳು. ಈ ಬೊಡ್ಡೆಗಳು ಮೀನಿಗೆ ಮನೆ, ಲಂಗರಿಗೆ ಗೋರಿ.

ಮರಳಿಗೆ ಚಪ್ಪಟೆ ಅಲಗಿನ ಲಂಗರಿಗಿಂತ ಒಳ್ಳೆಯದಿಲ್ಲ. ಡ್ಯಾನ್‌ಫೋರ್ತ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಒಂದು ಉದ್ದ ದಂಡ, ಬುಡದಲ್ಲಿ ಅಡ್ಡಸರಳು, ಅದರ ಸುತ್ತ ಆಚೀಚೆ ಆಡುವ ಎರಡು ಚೂಪು ಅಲಗು. ನಾಲ್ಕು ಮೀಟರ್ ಒಳಗಿನ ದೋಣಿಗೆ 2ರಿಂದ 3 ಕೆಜಿಯದು ಸಾಕು. ಕೊಳ್ಳುವಾಗ ಅಲಗನ್ನು ಪೂರ್ತಿ ತೆರೆದು ಕೋನ ನೋಡಿ. ದಂಡಕ್ಕೂ ಅಲಗಿಗೂ ನಡುವೆ 30 ಡಿಗ್ರಿಯ ಆಸುಪಾಸು ಇರಬೇಕು, ಎರಡೂ ಮಗ್ಗುಲಿಗೆ ಒಂದೇ ಸಮ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಫೋಟೊ ತೋರಿಸಿ ಮಾಡಿಸಿದವುಗಳಲ್ಲಿ ಸಾಮಾನ್ಯವಾಗಿ ಕೆಡುವುದು ಇದೇ. ತಡೆಪಟ್ಟಿ ಸರಿಯಾಗಿ ಕೂರದೆ ಅಲಗು 60 ಡಿಗ್ರಿವರೆಗೆ ತೆರೆದುಕೊಂಡರೆ ಅದು ಮರಳಿಗೆ ಇಳಿಯುವುದಿಲ್ಲ, ಉಗುರಿನಂತೆ ಮೇಲ್ಮೈ ಕೆರೆಯುತ್ತ ಬರುತ್ತದೆ. ಇನ್ನೊಂದು ದೋಷ ಎರೆಮಣ್ಣಿನಲ್ಲಿ ಕಾಣುತ್ತದೆ: ಮೊದಲ ಸಲ ಚೆನ್ನಾಗಿ ಹಿಡಿದ ಲಂಗರು, ಜಾಗ ಬದಲಿಸಿ ಬಿಟ್ಟಾಗ ಹಿಡಿಯುವುದೇ ಇಲ್ಲ. ಅಲಗು ಆಡುವ ಸಂದಿನಲ್ಲಿ ಜಿಗಟು ಮಣ್ಣು ಕೂತು ಅದು ಮಡಚಿಕೊಂಡೇ ಉಳಿದಿರುತ್ತದೆ. ಪ್ರತಿ ಸಲ ಎತ್ತಿದಾಗ ನೀರಿನಲ್ಲೇ ನಾಲ್ಕು ಸಲ ಜಾಡಿಸಿ, ಅಲಗು ತಾನೇ ಬೀಳುತ್ತದೋ ನೋಡಿ, ಆಮೇಲೆ ಬಿಡಿ.

ಅಣಬೆಯಾಕಾರದ ಲಂಗರು ಹೂಳಿನ ಕೆರೆಗೆ, ಗಾಳಿ ಕಡಿಮೆಯಿದ್ದ ದಿನಕ್ಕೆ ನಡೆಯುತ್ತದೆ. ಐದಾರು ಕೆಜಿಯದು ಬೇಕು. ಮೆಲ್ಲಗೆ ಹೂಳಿನಲ್ಲಿ ಇಳಿದಷ್ಟೂ ಅದರ ಹಿಡಿತ, ಬಿಟ್ಟ ಮೊದಲ ಹತ್ತು ನಿಮಿಷ ಅದೂ ಬರೇ ಒಂದು ಭಾರವೇ. ಗಾಳಿ ತುಂಬಿದ ರಬ್ಬರ್ ದೋಣಿಗೆ ಮಾತ್ರ ಇದನ್ನೇ ಕೊಳ್ಳಿ, ಚೂಪು ಮೊನೆ ಇಲ್ಲದ್ದು ಇದೊಂದೇ. ನೇಗಿಲಿನ ಆಕಾರದವು, ಪಂಜದ ಆಕಾರದವು ಕಡಲಿನ ದೊಡ್ಡ ದೋಣಿಗಳಿಗೆ ಹೇಳಿಮಾಡಿಸಿದವು. ನಮ್ಮ ಅಳತೆಯ ದೋಣಿಗೆ ಆ ದುಡ್ಡು ದಂಡ.

ಬಂಡೆ ಮತ್ತು ಬೊಡ್ಡೆಗೆ ನಾಲ್ಕು ಕೊಕ್ಕೆಯ ಲಂಗರು. ಇದನ್ನು ಕೊಳ್ಳುವುದಕ್ಕಿಂತ ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ಯಾವುದಾದರೂ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದು ಲೇಸು, ಏಕೆಂದರೆ ಅಂಗಡಿಯ ಮಡಚುವ ಕೊಕ್ಕೆಗಳು ಸಿಕ್ಕಿಕೊಂಡರೆ ಬಾಗುವುದಿಲ್ಲ, ಹಗ್ಗ ಕೊಯ್ದು ಬಿಟ್ಟು ಬರಬೇಕಾಗುತ್ತದೆ. ಬೇಕಾದ ಸಾಮಾನು: ಒಂದಿಂಚಿನ ಜಿಐ ಪೈಪು 40 ಸೆಂ.ಮೀ., 8 ಮಿ.ಮೀ. ಸಾದಾ ಎಂಎಸ್ (ಮೆದು ಉಕ್ಕಿನ) ರಾಡು ತಲಾ 75 ಸೆಂ.ಮೀ.ನ ನಾಲ್ಕು ತುಂಡು. ನಾಲ್ಕೂ ರಾಡನ್ನು ಪೈಪಿನೊಳಗೆ ತೂರಿಸಿ ಎರಡೂ ತುದಿಗೆ ವೆಲ್ಡ್ ಮಾಡಿಸಿ, ಕೆಳಗೆ ಉಳಿದ ಉದ್ದವನ್ನು ನಾಲ್ಕು ದಿಕ್ಕಿಗೆ ಕೊಕ್ಕೆಯಾಗಿ ಬಾಗಿಸಿ. ಮೇಲ್ತುದಿಗೊಂದು ಬಳೆ, ಕೊಕ್ಕೆಗಳ ಬುಡದಲ್ಲಿ ಇನ್ನೊಂದು ಬಳೆ. ಒಟ್ಟು ತೂಕ ಎರಡೂಕಾಲು ಕೆಜಿ ಆಗುತ್ತದೆ. ಮನೆ ಕಟ್ಟುವ ಟಿಎಂಟಿ ಸರಳು ಕೊಡುತ್ತೇನೆ ಅಂದರೆ ಬೇಡವೆನ್ನಿ. ಸಾದಾ ರಾಡಿನ ಕೊಕ್ಕೆ 12 ಸೆಂ.ಮೀ. ಚಾಚಿದ್ದರೆ, ತುದಿಗೆ 18 ಕೆಜಿಯಷ್ಟು ಜಗ್ಗಿದಾಗ ಬಿಚ್ಚಿಕೊಳ್ಳತೊಡಗುತ್ತದೆ. ಟಿಎಂಟಿಗೆ ಅದರ ಎರಡು ಪಟ್ಟು ಬೇಕು. ಸೆಕೆಂಡಿಗೆ ಒಂದು ಮೀಟರ್ ಹರಿವಿನಲ್ಲಿ ದೋಣಿಗೆ ಬೇಕಾದ ಹಿಡಿತ 8 ಕೆಜಿ, ದೋಣಿಯಲ್ಲಿ ಕೂತು ಒಬ್ಬ ಜಗ್ಗಬಹುದಾದದ್ದು 25ರಿಂದ 30 ಕೆಜಿ. ಸಾದಾ ರಾಡು ಈ ಎರಡರ ನಡುವೆ ಸರಿಯಾಗಿ ಕೂರುತ್ತದೆ. ಬಿಚ್ಚಿಕೊಂಡ ಕೊಕ್ಕೆಯನ್ನು ಮನೆಗೆ ಬಂದು ಪೈಪು ಹಾಕಿ ಮತ್ತೆ ಬಾಗಿಸಿಕೊಳ್ಳಬಹುದು.

ಕೆಳಗಿನ ಬಳೆ ಏಕೆ ಎಂದರೆ, ಸರಪಳಿಯನ್ನು ಕಟ್ಟಬೇಕಾದದ್ದು ಅಲ್ಲಿಗೆ. ಬುಡದ ಬಳೆಗೆ ಶ್ಯಾಕಲ್ (ತಿರುಪು ಹಾಕಿ ಮುಚ್ಚುವ ಕೊಂಡಿ) ಹಾಕಿ, ಸರಪಳಿಯನ್ನು ಪೈಪಿನ ಉದ್ದಕ್ಕೂ ಮೇಲೆ ತಂದು, ಮೇಲಿನ ಬಳೆಗೆ ಸಣಬಿನ ಸುತಳಿಯಿಂದ ಎರಡು ಸುತ್ತು ಕಟ್ಟಿ. ದೋಣಿ ಜಗ್ಗುವಾಗ ಎಳೆತ ಮೇಲಿನ ಬಳೆಯಿಂದ, ಕೊಕ್ಕೆ ಕಚ್ಚುತ್ತದೆ. ಸಿಕ್ಕಿಕೊಂಡಾಗ ದೋಣಿಯನ್ನು ಲಂಗರಿನ ನೇರ ಮೇಲೆ ತಂದು ಜೋರಾಗಿ ಎಳೆದರೆ ಸುತಳಿ ಹರಿಯುತ್ತದೆ, ಎಳೆತ ಬುಡಕ್ಕೆ ಹೋಗುತ್ತದೆ, ಕೊಕ್ಕೆ ಬಂದ ದಾರಿಯಲ್ಲೇ ಹಿಂದಕ್ಕೆ ಬಿಡಿಸಿಕೊಳ್ಳುತ್ತದೆ. ಒದ್ದೆ ಸುತಳಿ ಬೇಗ ಕೊಳೆಯುವುದರಿಂದ ಪ್ರತಿ ಸಲ ಹೊಸದು ಕಟ್ಟಬೇಕು. ಪ್ಲಾಸ್ಟಿಕ್ ಹುರಿ ಕಟ್ಟಿದವರಿಗೆ ಈ ಉಪಾಯ ಕೈಕೊಡುತ್ತದೆ, ಅದು ಹರಿಯುವುದೇ ಇಲ್ಲ. ಹಾಸುಬಂಡೆಯ ಮೇಲೆ ಮಾತ್ರ ಯಾವ ಕೊಕ್ಕೆಗೂ ಹಿಡಿ ಸಿಗದು. ಅಲ್ಲಿ ಹಟ ಬೇಡ, ಇಪ್ಪತ್ತು ಮೀಟರ್ ಸರಿದು ಮತ್ತೆ ಗುಂಡು ಬಿಟ್ಟು ನೋಡಿ.

ಲಂಗರಿನಷ್ಟೇ ತೂಕದ ಮಾತು ಹಗ್ಗದ್ದು. ಪೇಟೆಯಲ್ಲಿ ನೈಲಾನ್ ಅಂತ ಕೊಡುವ ನೀಲಿ, ಹಸಿರು ಹಗ್ಗಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್. ಅಂಗೈಯಗಲದ ತುಂಡು ಕೊಯ್ಸಿಕೊಂಡು ಬಕೆಟ್ ನೀರಿಗೆ ಹಾಕಿ ನೋಡಿ: ನೈಲಾನ್ ಮುಳುಗುತ್ತದೆ, ಅದು ತೇಲುತ್ತದೆ. ತೇಲುವ ಹಗ್ಗ ಲಂಗರಿನ ದಂಡವನ್ನು ಮೇಲಕ್ಕೆ ಎತ್ತುತ್ತದೆ, ಮೋಟಾರಿನ ಪಂಖಕ್ಕೆ ಸುತ್ತಿಕೊಳ್ಳುತ್ತದೆ, ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ನೈಲಾನ್‌ಗೆ ಹಿಗ್ಗುವ ಗುಣವಿದೆ, ಅಲೆಯ ಜೀಕು ಲಂಗರಿಗೆ ನೇರ ತಾಗದು. 8 ಮಿ.ಮೀ. ಹಗ್ಗ ಬಲಕ್ಕೆ ಸಾಕಾದರೂ 10 ಮಿ.ಮೀ. ಕೊಳ್ಳಿ, ಒದ್ದೆ ಕೈಗೆ ಸಣ್ಣ ಹಗ್ಗ ಕೊಯ್ಯುತ್ತದೆ. ಲಂಗರಿಗೂ ಹಗ್ಗಕ್ಕೂ ನಡುವೆ ಎರಡು ಮೀಟರ್ ಕಬ್ಬಿಣದ ಸರಪಳಿ: 6 ಮಿ.ಮೀ.ನದು 1.6 ಕೆಜಿ, 8 ಮಿ.ಮೀ.ನದು 2.8 ಕೆಜಿ ತೂಗುತ್ತದೆ. ಹಣವಿದ್ದರೆ ಲಂಗರಿನ ತೂಕ ಹೆಚ್ಚಿಸುವ ಬದಲು ಸರಪಳಿಯನ್ನು 8ಕ್ಕೆ ಏರಿಸಿ. ದಂಡವನ್ನು ನೆಲಕ್ಕೆ ಒತ್ತಿ ಹಿಡಿಯುವುದೇ ಅದು. ಶ್ಯಾಕಲಿನ ತಿರುಪು ಬಿಚ್ಚದಂತೆ ಸಣ್ಣ ತಂತಿ ಬಿಗಿಯಿರಿ. ಸರಪಳಿಗೆ ಹಳೆಯ ಸೈಕಲ್ ಟ್ಯೂಬ್ ತೊಡಿಸಿದರೆ ಅಲ್ಯೂಮಿನಿಯಂ ದೋಣಿಯಲ್ಲಿ ಖಣಖಣ ಸದ್ದಾಗದು. ಕಟ್ಲಾ ಮೀನು ಹಿಡಿಯಲು ಹೋದವರಿಗೆ ಇದರ ಬೆಲೆ ಗೊತ್ತು.

ಎಷ್ಟು ಉದ್ದ ಬಿಡಬೇಕು? ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರ ಕೂಡಿಸಿ ಐದರಿಂದ ಗುಣಿಸಿ, ಗಾಳಿಯಿದ್ದರೆ ಏಳರಿಂದ. ಆಳ 4 ಮೀಟರ್, ಮೂತಿ 40 ಸೆಂ.ಮೀ. ಇದ್ದರೆ 22 ಮೀಟರ್, ಗಾಳಿಯಲ್ಲಿ 31. ಕಡಿಮೆ ಹಗ್ಗ ಬಿಟ್ಟರೆ ಎಳೆತ ಮೇಲ್ಮುಖವಾಗಿ ಅಲಗನ್ನು ಕಿತ್ತೆತ್ತುತ್ತದೆ. ಲಂಗರು ಹಿಡಿಯುತ್ತಿಲ್ಲ ಎಂಬ ದೂರುಗಳಲ್ಲಿ ಬಹುಪಾಲಿಗೆ ಉತ್ತರ ಇನ್ನು ಹತ್ತು ಮೀಟರ್ ಹಗ್ಗ. ಉದ್ದ ಬಿಟ್ಟಾಗ ಗಾಳಿ ತಿರುಗಿದಂತೆ ದೋಣಿಯೂ ಅಷ್ಟು ದೊಡ್ಡ ಸುತ್ತು ಹೊಡೆಯುತ್ತದೆ. ಅದು ಬೇಡವಾದರೆ ನಿಂತ ನೀರಿನಲ್ಲಿ ಮಾತ್ರ ಹಿಂಬದಿಯಿಂದ ಎರಡನೆಯದಾಗಿ ಅದೇ ಮರಳಿನ ಚೀಲ ಇಳಿಬಿಡಬಹುದು. ಚೀಲಕ್ಕೆ ಸರಿಯಾದ ಕೆಲಸ ಅದೊಂದೇ.

ಬಿಡುವಾಗ ಲಂಗರನ್ನು ಎಸೆಯಬೇಡಿ. ಮೀನು ಇರುವ ಜಾಗಕ್ಕಿಂತ ಗಾಳಿ ಅಥವಾ ಸೆಳವಿನ ಮೇಲ್ದಿಕ್ಕಿಗೆ ಹೋಗಿ, ದೋಣಿ ನಿಂತ ಮೇಲೆ ಕೈಯಿಂದ ಇಳಿಸಿ. ದೋಣಿ ಓಡುತ್ತಿರುವಾಗ ಬಿಟ್ಟರೆ ಅಲಗಿನ ಲಂಗರು ನೀರಿನೊಳಗೆ ಗಾಳಿಪಟದ ಹಾಗೆ ತೇಲುತ್ತ ಬರುತ್ತದೆ, ತಳ ಮುಟ್ಟುವುದೇ ಇಲ್ಲ. ತಳ ಮುಟ್ಟಿದ ಮೇಲೆ ದೋಣಿಯನ್ನು ತಾನಾಗಿ ಹಿಂದೆ ಸರಿಯಲು ಬಿಟ್ಟು, ಅರ್ಧ ಹಗ್ಗ ಹೋದಾಗ ಒಮ್ಮೆ ಮೆಲ್ಲಗೆ ಬಿಗಿಹಿಡಿದು ಅಲಗು ಊರಿಸಿ, ಉಳಿದದ್ದನ್ನು ಬಿಡಿ. ಹಗ್ಗದ ಮೇಲೆ ಬೆರಳಿಡಿ: ಹಿಡಿದಿದ್ದರೆ ಬಿಗಿಯಾಗಿ ಸುಮ್ಮನಿರುತ್ತದೆ, ಜಾರುತ್ತಿದ್ದರೆ ಗಡಗಡ ನಡುಕ ಕೈಗೆ ಬರುತ್ತದೆ. ದಂಡೆಯ ಎರಡು ಗುರುತನ್ನು ಒಂದರ ಹಿಂದೊಂದು ಹೊಂದಿಸಿಕೊಳ್ಳಿ. ಚೌಡದಾನಪುರದಲ್ಲಾದರೆ ಮುಕ್ತೇಶ್ವರ ಗುಡಿಯ ಶಿಖರ, ಅದರ ಮುಂದಿನ ಒಂದು ಮರ. ಅವು ಒಂದನ್ನೊಂದು ಬಿಟ್ಟು ಸರಿದರೆ ನೀವು ಜಾರುತ್ತಿದ್ದೀರಿ.

ಹಗ್ಗ ಯಾವತ್ತೂ ಮೂತಿಗೇ. ಕೈಗೆ ಹತ್ತಿರ ಅಂತ ಹಿಂಬದಿಗೆ ಕಟ್ಟುವುದು ಹೊಳೆಯಲ್ಲಿ ಜೀವಕ್ಕೆ ಎರವಾಗುವ ತಪ್ಪು: ಮೋಟಾರು ಮತ್ತು ಮನುಷ್ಯರ ಭಾರಕ್ಕೆ ಮೊದಲೇ ತಗ್ಗಿರುವ ಹಿಂಬದಿಯನ್ನು ಸೆಳವು ಇನ್ನಷ್ಟು ಕೆಳಗೆ ಜಗ್ಗುತ್ತದೆ, ನೀರು ಒಳಗೆ ನುಗ್ಗಿ ದೋಣಿ ಕ್ಷಣದಲ್ಲಿ ತುಂಬುತ್ತದೆ. ಪಕ್ಕಕ್ಕೆ ಕಟ್ಟಿದರೆ ಮೇಲೆ ಹೇಳಿದ 25 ಕೆಜಿ ಲೆಕ್ಕ. ಮೂತಿಯ ಕ್ಲೀಟಿಗೆ (ಹಗ್ಗ ಸುತ್ತುವ ಗೂಟ) ಒಂದೇ ಜಗ್ಗಿಗೆ ಬಿಚ್ಚುವಂತೆ ಸುತ್ತಿ, ಹಗ್ಗದ ತುದಿಗೆ ಮುಚ್ಚಳ ಬಿಗಿದ ಐದು ಲೀಟರ್ ಖಾಲಿ ಕ್ಯಾನು ಕಟ್ಟಿಡಿ. ಅವಸರ ಬಂದರೆ ಹಗ್ಗ ಬಿಟ್ಟು ಹೋಗಿ, ಆಮೇಲೆ ಕ್ಯಾನು ಹುಡುಕಿ ಲಂಗರು ಎತ್ತಿಕೊಳ್ಳಬಹುದು. ಚಾಕು ಕೈಗೆಟಕುವಲ್ಲಿರಲಿ, ಲೈಫ್ ಜಾಕೆಟ್ ಮೈಮೇಲಿರಲಿ. ಮಲೆನಾಡಿನಲ್ಲಿ ಮಳೆ ಬಿದ್ದರೆ ಹಾವೇರಿಯ ಮೇಲೆ ಬಿಸಿಲಿದ್ದರೂ ತುಂಗಭದ್ರೆ ಏರುತ್ತದೆ. ನೀರು ಏರಿದಂತೆ ನಿಮ್ಮ ಹಗ್ಗ ಗಿಡ್ಡವಾಗುತ್ತದೆ, ಸೆಳವು ಬಲಿಯುತ್ತದೆ. ಮಳೆಗಾಲದಲ್ಲಿ ನಡುಹೊಳೆಯಲ್ಲಿ ಲಂಗರು ಹಾಕುವುದೇ ಬೇಡ. ಹಮ್ಮಿಗಿಯ ಸಿಂಗಟಾಲೂರು ಬ್ಯಾರೇಜಿನ ಗೇಟುಗಳ ಹತ್ತಿರವಂತೂ ಯಾವ ಕಾಲದಲ್ಲೂ ಬೇಡ.

ಕೆರೆಗೆ ಇಳಿಯುವ ಮುನ್ನ ಮೀನುಗಾರಿಕೆ ಗುತ್ತಿಗೆ ಹಿಡಿದವರ ಒಪ್ಪಿಗೆ ಕೇಳಿ, ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆ ಎಂದೂ ಕೇಳಿಕೊಳ್ಳಿ. ನಾಲ್ಕು ಕೊಕ್ಕೆಯ ಲಂಗರು ಬಲೆಗೆ ಬಿದ್ದರೆ ನಷ್ಟ ಅವರದು, ಜಗಳ ನಿಮ್ಮದು. ಗದಗ ಜಿಲ್ಲೆಯ ಮಾಗಡಿ ಕೆರೆ ಪಕ್ಷಿಗಳಿಗೆ ಮೀಸಲಾದ ಸಂರಕ್ಷಿತ ತಾಣ, ಅಲ್ಲಿ ದೋಣಿಯ ಮಾತೇ ಇಲ್ಲ. ಮನೆಗೆ ಬಂದ ಮೇಲೆ ಲಂಗರು, ಸರಪಳಿಯನ್ನು ಬ್ರಷ್ ಹಾಕಿ ತೊಳೆದು ಬಿಸಿಲಿಗೆ ಒಣಗಿಸಿ. ಅಂತರಗಂಗೆಯ ಒಂದು ಹಸಿ ತುಂಡು ಸರಪಳಿಯ ಕೊಂಡಿಯಲ್ಲಿ ಉಳಿದು ಮುಂದಿನ ಕೆರೆಗೆ ಹೋದರೆ ಅಲ್ಲೂ ಹಬ್ಬಲು ಅಷ್ಟು ಸಾಕು.