ಹಾಜರಿ ಪುಸ್ತಕದ ಪೆನ್ಸಿಲ್ ಚುಕ್ಕೆ

ಎಂಟನೇ ತರಗತಿಗೆ ಸೇರಿದ ಹುಡುಗ ಜೂನ್ ತಿಂಗಳಲ್ಲಿ ಸಲೀಸಾಗಿ ಹಾಡಿದ ಹಾಡನ್ನು ಜನವರಿಯಲ್ಲಿ ಹಾಡಲಾರ. ಮೇಲಿನ ಸ್ವರಕ್ಕೆ ಹೋದಾಗ ದನಿ ಇದ್ದಕ್ಕಿದ್ದಂತೆ ಸೀಳುತ್ತದೆ, ಪಕ್ಕದ ಬೆಂಚಿನವರು ನಗುತ್ತಾರೆ, ಅವನು ತಲೆ ತಗ್ಗಿಸಿ ಬಾಯಿ ಮುಚ್ಚುತ್ತಾನೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕಿಯಾಗಿ ನಾನು ದುಡಿದ 29 ವರ್ಷಗಳಲ್ಲಿ ಇದನ್ನು ಕಾಣದ ವರ್ಷವೇ ಇರಲಿಲ್ಲ. ಮನೆಯಲ್ಲಿ ಪಾಠ ಹೇಳುವ ವಿದ್ವಾಂಸರ ಬಳಿಗೆ ಮಕ್ಕಳು ಆರೇಳು ವರ್ಷಕ್ಕೇ ಹೋಗುತ್ತಾರೆ. ನಮ್ಮ ಕೈಗೆ ಬರುವುದು ಹದಿಮೂರರಿಂದ ಹದಿನಾರರ ನಡುವಿನ ಕೊರಳುಗಳು, ಅದೂ ಒಂದೇ ತರಗತಿಯಲ್ಲಿ ಐವತ್ತು ಅರವತ್ತು. ಸಂಗೀತ ಶಿಕ್ಷಕರ ವೃತ್ತಿಜೀವನದ ಬಹುಪಾಲು ದನಿ ಒಡೆಯುವ ಈ ವಯಸ್ಸಿನ ಜೊತೆಯಲ್ಲೇ ಸಾಗುತ್ತದೆ ಎಂಬುದನ್ನು ತರಬೇತಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಈ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆಯುತ್ತದೆ. ಅದರೊಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುವುದರಿಂದ ಕಂಪನ ನಿಧಾನವಾಗಿ ದನಿ ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಒಂದು ‘ಸ’ದಿಂದ ಅದರ ಕೆಳಗಿನ ‘ಸ’ದವರೆಗಿನಷ್ಟು, ಕೆಳಗಿಳಿಯುತ್ತದೆ. ನಿನ್ನೆಯವರೆಗೆ ಒಂದು ಅಳತೆಯ ತಂತಿಯನ್ನು ಬಿಗಿಹಿಡಿದು ಅಭ್ಯಾಸವಾಗಿದ್ದ ಸ್ನಾಯುಗಳು ಇಂದು ಬೇರೆ ಅಳತೆಯ ತಂತಿಯನ್ನು ನಿಭಾಯಿಸಬೇಕಾಗುತ್ತದೆ. ಅವು ಹೊಸ ಹಿಡಿತ ಕಲಿಯುವವರೆಗೆ ದನಿ ಜಾರುತ್ತದೆ, ಒಡೆಯುತ್ತದೆ. ಕೆಲವರಿಗೆ ಇದು ಕೆಲವೇ ತಿಂಗಳುಗಳಲ್ಲಿ ಮುಗಿದರೆ, ಕೆಲವರಿಗೆ ವರ್ಷಕ್ಕೂ ಮಿಕ್ಕಿ ನಡೆಯುತ್ತದೆ. ಹುಡುಗಿಯರ ದನಿಯೂ ಎರಡು ಮೂರು ಸ್ವರದಷ್ಟು ಇಳಿದು, ಕೆಲಕಾಲ ಗಾಳಿ ಬೆರೆತಂತೆ ಮಂಕಾಗಿ ಕೇಳುತ್ತದೆ. ಅದು ಎದ್ದು ಕಾಣದ ಕಾರಣ ಅವರನ್ನು ಇನ್ನೂ ಜೋರಾಗಿ ಹಾಡುವಂತೆ ಒತ್ತಾಯಿಸುತ್ತೇವೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನಿಂದ ಒಂದು ತಪ್ಪಾಯಿತು. ಪ್ರತಿಭಾ ಕಾರಂಜಿಯ ಸಮೂಹಗಾನಕ್ಕೆ ತಯಾರಿ ನಡೆದಿದ್ದಾಗ, ತುಂಬ ಆಸೆಯಿಂದ ಹಾಡುತ್ತಿದ್ದ ಒಬ್ಬ ಹುಡುಗನ ದನಿ ಅನುಪಲ್ಲವಿಯಲ್ಲಿ ಪದೇ ಪದೇ ಸೀಳುತ್ತಿತ್ತು. ಸ್ಪರ್ಧೆಗೆ ನಾಲ್ಕು ದಿನ ಉಳಿದಿತ್ತು. ‘ನೀನು ಸುಮ್ಮನೆ ತುಟಿ ಆಡಿಸು, ದನಿ ಬೇಡ’ ಎಂದೆ. ಅವನು ಹಾಗೆಯೇ ಮಾಡಿದ. ನಮಗೆ ಬಹುಮಾನವೂ ಬಂತು. ಹತ್ತು ಹನ್ನೆರಡು ವರ್ಷಗಳ ನಂತರ ಬಸ್ಸಿನಲ್ಲಿ ನನ್ನ ಗುರುತು ಹಿಡಿದು ಅವನೇ ಬಂದು ಮಾತನಾಡಿಸಿದ. ಈಗಲೂ ಹಾಡುತ್ತೀಯಾ ಎಂದು ಕೇಳಿದೆ. ‘ನಂಗೆ ಹಾಡು ಬರಲ್ವಲ್ಲ ಮಿಸ್, ನೀವೇ ಅವತ್ತು ಹೇಳಿದ್ರಲ್ಲ’ ಎಂದ. ಅವನ ಮಾತಿನಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ, ಆ ಮಾತನ್ನು ಅವನು ಪೂರ್ತಿಯಾಗಿ ನಂಬಿದ್ದ. ಗಂಭೀರವಾಗಿ ತುಂಬಿ ಬರುತ್ತಿದ್ದ ಅವನ ಮಾತಿನ ದನಿಯನ್ನು ಕೇಳುತ್ತ ಕುಳಿತಿದ್ದ ನನಗೆ ಆ ದಿನ ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು.

ಹಾಜರಿ ಕೂಗುವಾಗ ಕಿವಿಗೊಟ್ಟು ಕೇಳುವುದನ್ನು ನಾನು ರೂಢಿಸಿಕೊಂಡದ್ದು ಆಮೇಲೆ. ‘ಯೆಸ್ ಮಿಸ್’ ಎಂಬ ಎರಡು ಶಬ್ದಗಳಲ್ಲಿ ಮಗುವಿನ ಕೊರಳಿನ ಸ್ಥಿತಿ ತಿಳಿಯುತ್ತದೆ. ಮಾತಿನ ದನಿ ಇಳಿಯತೊಡಗಿದರೆ ಹಾಡಿನ ದನಿಯೂ ಇಳಿಯುತ್ತಿದೆ ಎಂದೇ ಅರ್ಥ. ಅಂಥ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕೆ ಇಡುತ್ತಿದ್ದೆ, ದನಿ ನೆಲೆನಿಂತ ಮೇಲೆ ಅಳಿಸುತ್ತಿದ್ದೆ. ಚುಕ್ಕೆ ಬಿದ್ದ ಮಕ್ಕಳಿಗೆ ಒಂಟಿಯಾಗಿ ಹಾಡಲು ಹೇಳುತ್ತಿರಲಿಲ್ಲ, ಹಾಗೆಂದು ಹಾಡು ನಿಲ್ಲಿಸಲು ಬಿಡುತ್ತಲೂ ಇರಲಿಲ್ಲ. ಕಿರುಚದೆ, ಗಂಟಲು ಬಿಗಿಯದೆ, ತಮಗೆ ಸಿಗುವ ಐದಾರು ಸ್ವರಗಳೊಳಗೆ ದಿನವೂ ಹಾಡುವ ಮಗು ಈ ಅವಧಿಯನ್ನು ಚೆನ್ನಾಗಿ ದಾಟುತ್ತದೆ ಎಂಬುದು ನನ್ನ ಅನುಭವ. ನಾಲ್ಕೈದು ಸ್ವರಗಳಲ್ಲೇ ಸುತ್ತುವ ಬೀಸುವ ಪದ, ಕೋಲಾಟದ ಪದಗಳು ಇವರಿಗೆ ಬಹಳ ಒಗ್ಗುತ್ತವೆ. ಆರಂಭದ ಪಾಠವಾದ ಮಾಯಾಮಾಳವಗೌಳ ರಾಗದ ಸರಳೆಯಲ್ಲೂ ಪೂರ್ವಾಂಗದ, ಅಂದರೆ ಮೊದಲರ್ಧದ, ಸರಿಗಮ ಮತ್ತು ಉತ್ತರಾಂಗದ ಪದನಿಸಗಳ ಅಂತರಗಳು ಒಂದೇ ಆಗಿರುವುದರಿಂದ, ಪೂರ್ವಾಂಗವನ್ನಷ್ಟೇ ಗಟ್ಟಿ ಮಾಡಿಸಿದರೂ ಮಗು ಕಳೆದುಕೊಳ್ಳುವುದು ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಕೊರಳುಗಳು ನೋಯುವುದು ಬೆಳಗಿನ ಪ್ರಾರ್ಥನೆಯಲ್ಲಿ. ರಾಷ್ಟ್ರಗೀತೆಯ ವ್ಯಾಪ್ತಿ ಮಂದ್ರ ನಿಷಾದದಿಂದ (ಆಧಾರ ‘ಸ’ದ ಕೆಳಗಿನ ‘ನಿ’) ತಾರಷಡ್ಜದವರೆಗೆ (ಮೇಲಿನ ‘ಸ’), ಅಂದರೆ ಒಂದು ಸ್ಥಾಯಿಗಿಂತ ತುಸು ಹೆಚ್ಚು. ಕೊನೆಯಲ್ಲಿ ಮೂರು ಬಾರಿ ಬರುವ ‘ಜಯ ಹೇ’ಗಳಲ್ಲಿ ಮೊದಲನೆಯದೇ ಅತ್ಯಂತ ಎತ್ತರದ್ದು, ತಾರಷಡ್ಜವನ್ನು ಮುಟ್ಟುವುದು ಅಲ್ಲಿ, ಉಳಿದೆರಡು ಮೆಟ್ಟಿಲಿಳಿದಂತೆ ಕೆಳಗೆ ಬರುತ್ತವೆ. ಮುಂದೆ ನಿಂತ ಉತ್ಸಾಹಿ ಹುಡುಗಿ ‘ಜನಗಣಮನ’ವನ್ನು ಒಂದು ಮನೆ ಅಥವಾ ಎರಡು ಮನೆ ಶ್ರುತಿಯಲ್ಲಿ (ಆಧಾರ ‘ಸ’ದ ಎತ್ತರವನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವುದು ರೂಢಿ) ಎತ್ತಿಕೊಂಡರೆ, 52 ಸೆಕೆಂಡುಗಳ ಗೀತೆಯ ಕೊನೆಯ ಭಾಗದಲ್ಲಿ ಹತ್ತನೇ ತರಗತಿಯ ಸಾಲುಗಳು ಮೌನವಾಗುತ್ತವೆ. ಹುಡುಗರು ಬೇಕೆಂದೇ ಹಾಡುತ್ತಿಲ್ಲ ಎಂದು ಗದರುವ ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ. ಆ ಮಕ್ಕಳಿಗೆ ಆ ಸ್ವರವೇ ಎಟುಕುವುದಿಲ್ಲ. ಶ್ರುತಿಯನ್ನು ಅದಕ್ಕಿಂತ ಕೆಳಗಿನ ಸ್ಥಾಯಿಯ ಐದೂವರೆ ಮನೆಗೆ ಇಳಿಸಿದರೆ ಹುಡುಗಿಯರಿಗೆ ಆಯಾಸವಿಲ್ಲ, ದನಿ ಒಡೆಯುತ್ತಿರುವ ಹುಡುಗರಲ್ಲಿ ಹೆಚ್ಚಿನವರಿಗೆ ಮೇಲಿನ ಷಡ್ಜ ಸಿಗುತ್ತದೆ, ದನಿ ಪೂರ್ತಿ ಇಳಿದವರು ಎತ್ತರದ ಭಾಗವನ್ನು ಒಂದು ಸ್ಥಾಯಿ ಕೆಳಗೆ ಹಾಡಿಕೊಳ್ಳಬಹುದು. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಸರ್ಕಾರ 2022ರಲ್ಲಿ ನಿಗದಿ ಮಾಡಿದ ಮೇಲೆ ಹಳೆಯ ಗೊಂದಲವೊಂದು ತೀರಿತು, ಆದರೆ ಯಾವ ಶ್ರುತಿಯಲ್ಲಿ ಎಂಬುದನ್ನು ಇಂದಿಗೂ ಆಯಾ ಶಾಲೆಯ ಅಂಗಳದಲ್ಲಿ ನಿಂತವರೇ ತೀರ್ಮಾನಿಸಬೇಕು.

ಸಂಗೀತದ ಪೀರಿಯಡ್ಡು ಎಷ್ಟೋ ಸಲ ಗಣಿತಕ್ಕೆ, ವಿಜ್ಞಾನಕ್ಕೆ ಹೋಗುತ್ತದೆ. ಪಬ್ಲಿಕ್ ಪರೀಕ್ಷೆ ಹತ್ತಿರವಾದಾಗ ನಾನೇ ಮನಸ್ಸಾರೆ ಬಿಟ್ಟುಕೊಟ್ಟಿದ್ದೇನೆ. ಪ್ರಾರ್ಥನೆಯ ಸಮಯವನ್ನು ಮಾತ್ರ ಒಂದು ದಿನವೂ ಬಿಟ್ಟುಕೊಟ್ಟವಳಲ್ಲ. ಇಡೀ ಶಾಲೆ ಒಟ್ಟಿಗೆ ಹಾಡುವುದು ಆಗಷ್ಟೇ, ಚುಕ್ಕೆ ಬಿದ್ದ ಹುಡುಗ ನಾಲ್ಕು ಜನರ ದನಿಯ ಮರೆಯಲ್ಲಿ ತನ್ನ ಹೊಸ ದನಿಯನ್ನು ಪರೀಕ್ಷಿಸಿ ನೋಡುವುದೂ ಆಗಷ್ಟೇ.

ನಾನು ನಿವೃತ್ತಳಾದ ಮೇಲೆ ಆ ಶಾಲೆಗೆ ಇನ್ನೂ ಸಂಗೀತ ಶಿಕ್ಷಕರು ಬಂದಿಲ್ಲ. ಪ್ರಾರ್ಥನೆ ನಡೆಸುವುದು ದೈಹಿಕ ಶಿಕ್ಷಣದ ಮೇಷ್ಟ್ರು. ಹೊರಡುವ ವಾರ ನಾನು ಅವರ ಮೊಬೈಲಿಗೆ ತಂಬೂರಿಯ ಆ್ಯಪ್ ಹಾಕಿಸಿ, ಐದೂವರೆ ಮನೆಗೆ ಹೊಂದಿಸಿಕೊಟ್ಟು, ಮಕ್ಕಳು ಎತ್ತಿಕೊಳ್ಳುವ ಮೊದಲು ಹತ್ತು ಎಣಿಸುವಷ್ಟು ಹೊತ್ತು ಅದು ಮೊಳಗಲಿ ಎಂದು ಕೇಳಿಕೊಂಡಿದ್ದೆ. ಕಳೆದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಕಾಂಪೌಂಡಿನ ಹೊರಗೆ ನಿಂತು ಕೇಳಿದೆ. ತಂಬೂರಿ ಮೊಳಗಿತು, ಆಮೇಲೆ ಮಕ್ಕಳು ಶುರುಮಾಡಿದರು. ಮೊದಲ ‘ಜಯ ಹೇ’ ಬಂದಾಗ ಹಿಂದಿನ ಸಾಲುಗಳಿಂದ ಹುಡುಗರ ದಪ್ಪ ದನಿಗಳೂ ಕೇಳಿದವು.